ಕೊಕ್ಕರೆ ಕಾರಿನ ಹಣೆ

ಕೊಕ್ಕರೆ ಇರಲಿಲ್ಲ.

ಹಸಿರು ಬಣ್ಣದ ಹಳೇ ಆಲ್ಡನ್ ಕಾರು ನಿಂತಲ್ಲೇ ನಿಂತಿತ್ತು. ಯಜಮಾನನ ತಾಯಿ ಬೈರಮ್ಮ ಪೂಜೆಗೆ ಇಟ್ಟಿದ್ದ ಕನಕಾಂಬರದ ಹಾರ ಮುಂದಿನ ಗಾಜಿನ ಮೇಲೆ ಹಾಗೇ ಇತ್ತು. ಊದುಬತ್ತಿ ಇನ್ನೂ ಪೂರ್ತಿ ಉರಿದಿರಲಿಲ್ಲ. ಆದರೆ ಎಷ್ಟೋ ಕಾಲದಿಂದ ಕಾರಿನ ಮೂತಿಯ ಮೇಲೆ ರೆಕ್ಕೆ ಬಿಚ್ಚಿ ಕೂತಿದ್ದ ಬಿಳಿ ಕೊಕ್ಕರೆಯ ನೀಲಿ ಬಣ್ಣದ ಕಂಚಿನ ಬಿಲ್ಲೆ ಮಾಯವಾಗಿತ್ತು. ಆ ಜಾಗದಲ್ಲಿ ಉಳಿದಿದ್ದು ಎರಡು ಸಣ್ಣ ತೂತು. ತೂತುಗಳ ನಡುವೆ ಒಂದು ಕುಂಕುಮದ ಬೊಟ್ಟು.

"ಸಾರ್! ಬ್ಯಾಡ್ಜ್ ಇಲ್ಲ ಸಾರ್!"

ಕೂಗಿದವಳು ಷೋರೂಮಿನ ಮ್ಯಾನೇಜರ್ ಅಮೂಲ್ಯ. ಹಿತ್ತಲ ಅಂಗಳದಲ್ಲಿ ಲಾರಿಯಿಂದ ಹೊಸ ಕಾರು ಇಳಿಸುವುದನ್ನು ನೋಡುತ್ತಿದ್ದವರೆಲ್ಲ ಒಳಗೆ ನುಗ್ಗಿದರು. ಯಜಮಾನ ಅನಂತರಾಜು ಬಂದು ನೋಡಿದ. ಹೋಗಿ ಮುಂದಿನ ಷಟರ್ ಎಳೆದ. ಹಿಂದಿನ ಬಾಗಿಲಿಗೆ ಚಿಲಕ ಹಾಕಿದ.

"ಯಾರೂ ಆಚೆ ಓಗಂಗಿಲ್ಲ."

ಬೊಂಬೆ ಮಾಡುವ ಓವೈಸ್ ಇದ್ದ ಜಾಗದಲ್ಲೇ ನಿಂತುಬಿಟ್ಟ. ಅವನ ಕಾಲ ಬಳಿ ರಟ್ಟಿನ ಪೆಟ್ಟಿಗೆ. ಪೆಟ್ಟಿಗೆ ತುಂಬ ಕೊಕ್ಕರೆಗಳು. ಬೊಂಬೆಗೆ ಬಳಸುವ ಆಲೆಮರವನ್ನು ಲೇತ್ ಯಂತ್ರಕ್ಕೆ ಕೊಟ್ಟು ಬಿಲ್ಲೆ ತಿರುವಿ, ನೀಲಿ ಅರಗು ಹತ್ತಿಸಿ, ಮೇಲೆ ಬಿಳಿ ಹಕ್ಕಿ ಬರೆದು ಅವನೇ ಮಾಡಿದ ನಕಲುಗಳು ಅವು. ಸಂಜೆ ಉದ್ಘಾಟನೆಗೆ ಬರುವ ಅತಿಥಿಗಳಿಗೆ ಹಂಚಲು. ಎಲ್ಲರ ಕಣ್ಣೂ ಕಾರಿನಿಂದ ಆ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಅವನ ಮುಖಕ್ಕೆ ಬಂದು ನಿಂತವು.

ಚನ್ನಪಟ್ಟಣದಲ್ಲಿ ಕೊಕ್ಕರೆ ಕಾರನ್ನು ಅರಿಯದವರಿಲ್ಲ. ಅನಂತರಾಜುವಿನ ಅಪ್ಪ, ರೇಷ್ಮೆಗೂಡಿನ ವ್ಯಾಪಾರಿ ಮುನಿಯಪ್ಪ, ಬದುಕಿರುವವರೆಗೂ ಓಡಿಸಿದ ಎರಡೇ ಸೀಟಿನ ಬಂಡಿ. ಅದನ್ನು ಮಾಡಿದ ವಿಲಾಯತಿ ಕಾರ್ಖಾನೆ ಎಂದೋ ಮುಚ್ಚಿತು. ಈಗ ಇನ್ನಾವುದೋ ಕಂಪನಿ ಆ ಹೆಸರು ಕೊಂಡುಕೊಂಡು, ಮನೆಮಂದಿಯೆಲ್ಲ ಕೂರುವ ಎತ್ತರದ ಕರೆಂಟು ಕಾರಿಗೆ ಆಲ್ಡನ್ ಎಂದು ಹೆಸರಿಟ್ಟಿತ್ತು. ಅಸಲಿ ಕಾರು ಮನೆಯಲ್ಲಿದೆ ಎಂಬ ಕಾರಣಕ್ಕೇ ಅನಂತರಾಜುವಿಗೆ ಷೋರೂಮು ಸಿಕ್ಕಿತ್ತು. ರೇಷ್ಮೆ ನೂಲು ತೆಗೆಯುತ್ತಿದ್ದ ಹಳೇ ಫಿಲೇಚರಿನ ತಗಡಿನ ಶೆಡ್ಡಿಗೆ ಗಾಜು ಹಾಕಿಸಿ ಸಿಂಗರಿಸಿದ್ದ. ಒಪ್ಪಂದ ಒಂದೇ — ಉದ್ಘಾಟನೆಯ ಹೊತ್ತಿಗೆ ಎಲ್ಲರೆದುರು ಹಳೇ ಕಾರಿನ ಬಿಲ್ಲೆ ಬಿಚ್ಚಿ ಹೊಸ ಕಾರಿಗೆ ತೊಡಿಸಬೇಕು. ಆಮೇಲೆ ಆ ಬಿಲ್ಲೆ ಕಂಪನಿಯ ದೊಡ್ಡ ಕಚೇರಿಯ ಗಾಜಿನ ಕಪಾಟಿಗೆ.

ಅನಂತರಾಜುವಿನ ಫೋನು ರಿಂಗಾಯಿತು. ಕಂಪನಿಯ ಮೇಲಿನವರು.

"ಇಲ್ಲ ಸಾರ್... ಕಳುವಾಗೋಯ್ತು ಸಾರ್... ಪೊಲೀಸಾ? ಯಾಕೆ ಸಾರ್, ನಾವೇ ಒಸಿ ಹುಡುಕ್ತೀವಿ... ಆಯ್ತು ಸಾರ್, ಆಯ್ತು. ಕೊನೇಲಿ ಮುಟ್ಟಿದ್ದು ಯಾರು ಅಂದ್ರೆ..." ಅವನು ಬೆನ್ನು ತಿರುಗಿಸಿದ. "ಬೊಂಬೆ ಮಾಡೋನು ಸಾರ್. ಓವೈಸ್ ಅಂತ."

ಆಚೆಯಿಂದ ಪಕ್ಕದ ಗಾಜಿನ ಬಳಿ ಇಣುಕುತ್ತಿದ್ದ ಒಬ್ಬನಿಗೆ ಅಷ್ಟು ಸಾಕಾಯಿತು. ಷಟರಿನ ಆಚೆ ಮಾತು ಹೊರಟಿತು. ಬೊಂಬೆ ಓವೈಸ್ ಕದ್ದನಂತೆ. ಕೊಕ್ಕರೆ ಕದ್ದನಂತೆ. ಬೀದಿಯಲ್ಲಿ ಹಾರಿದ ಮಾತು ಸಂಜೆಗೆ ಗೂಡಿಗೆ ಮರಳುವ ಹಕ್ಕಿಯಲ್ಲ.

"ಅನಂತಣ್ಣ, ನಾನು ಬಣ್ಣ ಸರಿಯಾಗಿ ಬಂದೈತಾ ಅಂತ ಬೆಳಿಗ್ಗೆ ನನ್ನ ಬಿಲ್ಲೇನ ಅದರ ಪಕ್ಕದಲ್ಲಿ ಹಿಡಿದು ನೋಡ್ದೆ ಅಷ್ಟೇ. ಅಮ್ಮನೂ ಇದ್ರು, ಅಮೂಲ್ಯ ಮೇಡಂನೂ ಇದ್ರು," ಎಂದ ಓವೈಸ್.

"ಅದನ್ನ ಪೊಲೀಸ್ರತ್ರ ಏಳು."

ತಗಡಿನ ಮಾಡು ಕಾದಿತ್ತು. ಕರೆಂಟು ಹೋಯಿತು, ಫ್ಯಾನು ನಿಂತಿತು. ಶುಕ್ರವಾರ. ಮಸೀದಿಯಿಂದ ಜುಮ್ಮಾದ ಆಜಾನ್ ಬಂತು. ಓವೈಸನ ಕಾಲು ತಾನಾಗಿ ಬಾಗಿಲ ಕಡೆ ತಿರುಗಿತು; ಅನಂತರಾಜು ಅಡ್ಡ ನಿಂತ. ಆಜಾನ್ ಮುಗಿಯಿತು. ಬಾಗಿಲು ಹಾಗೇ ಇತ್ತು.

ಷಟರು ಸೊಂಟದೆತ್ತರ ಎದ್ದಿತು. ಖಾಕಿ ತೊಟ್ಟ ಹೆಂಗಸೊಬ್ಬಳು ಬಗ್ಗಿ ಒಳಬಂದಳು. ಅವಳ ಹಿಂದೆ ಕಾನ್‌ಸ್ಟೇಬಲ್ ನಜೀರ್. ಷಟರು ಮತ್ತೆ ಬಿತ್ತು.

ಸಬ್ ಇನ್ಸ್‌ಪೆಕ್ಟರ್ ಪ್ರತಿಮಾ ಕೂಟಗಲ್ ಕಡೆಯವಳು. ಬಂದವಳು ಯಾರನ್ನೂ ಗದರಲಿಲ್ಲ. ಕಾರನ್ನು ಒಂದು ಸುತ್ತು ಸುತ್ತಿದಳು. ಎಲ್ಲರ ಮುಖ ನೋಡಿದಳು. ಓವೈಸನ ಮುಂದೆ ನಿಂತಳು.

"ನಮಾಜಿಗೆ ಹೊತ್ತಾಯ್ತಲ್ವಾ?"

ಅವನು ತಲೆಯಾಡಿಸಿದ.

"ಆಚೆ ಬಿಡಕ್ಕಾಗಲ್ಲ. ಆ ಮೂಲೇಲಿ ಮಾಡ್ಕೊ. ನಜೀರ್, ಆ ಕುರ್ಚಿ ಎಳೀರಿ, ಜಾಗ ಆಗ್ಲಿ."

ಜಮಾತಿನ ಸಾಮೂಹಿಕ ನಮಾಜು ತಪ್ಪಿದವನು ಒಬ್ಬನೇ ಗೋಡೆಯತ್ತ ನಿಂತ. ನೆಲಕ್ಕೆ ಹಣೆ ಇಟ್ಟಾಗ, ಹೊರಗೆ ಚಾಚಾ ತಾಜ್ ಪಾಷಾನ ದನಿ ಯಾರನ್ನೋ ಕೇಳುತ್ತಿರುವುದು ಕೇಳಿಸಿತು — 'ನಮ್ಮ ಹುಡುಗನ್ನ ಯಾಕೆ ಕೂಡಿ ಹಾಕಿದ್ದೀರಿ?' ಬೇಡಿಕೊಂಡಿದ್ದೇನು ಎಂದು ಅವನಿಗೇ ತಿಳಿಯಲಿಲ್ಲ. ಸ್ಟೇಷನ್ ಮೆಟ್ಟಿಲು ಹತ್ತಿದವನು ನಿರ್ದೋಷಿಯಾಗಿ ಇಳಿದರೂ ಊರ ಕಣ್ಣಿಗೆ ಇನ್ನೂ ಹತ್ತುತ್ತಲೇ ಇರುತ್ತಾನೆ. ಆಮೇಲೆ ಯಾರ ಮನೆಯ ಯಾವ ವಸ್ತುವನ್ನು ನಂಬಿ ಅವನ ಕೈಗೆ ಕೊಟ್ಟಾರು?

ಅಷ್ಟರಲ್ಲಿ ನಜೀರ್ ಹುಡುಕಾಟ ನಡೆಸಿದ್ದ. ಪೆಟ್ಟಿಗೆಯ ಪ್ರತಿ ಕೊಕ್ಕರೆಯನ್ನೂ ಎತ್ತಿ ತೂಗಿ ನೋಡಿದ; ಎಲ್ಲವೂ ಮರ. ಎಲ್ಲರ ಚೀಲ, ಜೇಬು, ಪಕ್ಕದ ಕೋಣೆ, ಹಳೇ ಕಾರಿನ ಸೀಟಿನಡಿ — ಎಲ್ಲೂ ಇಲ್ಲ. ಬಾನೆಟ್ಟಿಗೆ ಕೈ ಹಾಕಿದಾಗ ಅನಂತರಾಜು ತಡೆದ.

"ಅಲ್ಲಿ ಮುಟ್ಬ್ಯಾಡಿ ಸಾರ್. ಕಳ್ಳನ ಬೆರಳು ಬಿದ್ದಿರ್ತದೆ. ರಾಮನಗರದಿಂದ ಬೆರಳಚ್ಚಿನೋರು ಬಂದು ನೋಡ್ಲಿ."

"ಅದೂ ಸರಿಯೇ," ಎಂದಳು ಪ್ರತಿಮಾ. ಪ್ಲಾಸ್ಟಿಕ್ ಕುರ್ಚಿ ಎಳೆದು ಕಾರಿನ ಎದುರು ಕೂತಳು. "ಲಾರಿ ಬಂದಾಗ ಯಾರ್ಯಾರು ಎಲ್ಲಿದ್ರಿ?"

ಅಮೂಲ್ಯ ತನ್ನ ಮೊಬೈಲು ಚಾಚಿದಳು. ಹೊಸ ಕಾರು ಲಾರಿಯಿಂದ ಇಳಿಯುವುದನ್ನು ಮೊದಲಿನಿಂದ ಕೊನೆಯವರೆಗೂ ಅವಳು ವಿಡಿಯೋ ಮಾಡಿದ್ದಳು. ಉದ್ದಕ್ಕೂ ಅವಳದೇ ದನಿಯ ವಿವರಣೆ ಇತ್ತು. ನಡುವೆ ಮೂವರು ಒಬ್ಬೊಬ್ಬರಾಗಿ ಒಳಗೆ ಹೋಗಿ ಬಂದದ್ದು ಕಾಣುತ್ತಿತ್ತು. ಓವೈಸ್. ಮೆಕ್ಯಾನಿಕ್ ಮನೋಹರ್. ಅನಂತರಾಜು.

"ನೀನ್ಯಾಕೆ ಒಳಗೆ ಬಂದೆ ಓವೈಸ್?"

"ಪೆಟ್ಟಿಗೆ ಬಿಸಿಲಲ್ಲಿತ್ತು ಮೇಡಂ. ಅರಗು ಮೆತ್ತಗಾಗುತ್ತೆ. ಎತ್ತಿ ಒಳಗೆ ಇಟ್ಟೋದೆ."

"ಆಗ ಬಿಲ್ಲೆ ಇತ್ತಾ?"

ಓವೈಸ್ ತಡವರಿಸಿದ. "ನೋಡ್ಲಿಲ್ಲ."

"ನೋಡ್ಲಿಲ್ವಂತೆ!" ಅನಂತರಾಜು ನಕ್ಕ.

"ನೀವು?" ಪ್ರತಿಮಾ ಅವನನ್ನೇ ಕೇಳಿದಳು.

"ಫೋನ್ ಬಂತು. ಆಚೆ ಲಾರಿ ಸದ್ದು. ಒಳಗೆ ಬಂದು ಮಾತಾಡ್ದೆ."

ಪ್ರತಿಮಾ ಮನೋಹರನ ಕಡೆ ತಿರುಗಿದಳು. ರಾಮನಗರದ ಮೆಕ್ಯಾನಿಕ್, ಮುನಿಯಪ್ಪ ಇದ್ದಾಗಿನಿಂದ ಈ ಕಾರನ್ನು ನೋಡಿಕೊಳ್ಳುತ್ತಿದ್ದವನು. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಿದ್ದ.

"ನಾನು ಪಾನಾ ತರಕ್ಕೆ ಬಂದೆ. ಇತ್ತೋ ಇಲ್ವೋ ಕಾಣೆ. ಆದ್ರೆ ಒಂದ್ಮಾತು ಏಳ್ತೀನಿ ಮೇಡಂ — ಕದ್ದೋನು ಯಾರೇ ಆಗ್ಲಿ, ಅವ್ನ ಹೊಟ್ಟೆ ತಣ್ಣಗಿರ್ಲಿ."

"ಓಹೋ!" ಎಂದಳು ಪ್ರತಿಮಾ.

"ಮತ್ತಿನ್ನೇನು? ಇದು ನೆಲಕ್ಕೆ ಎದೆ ಕೊಟ್ಕೊಂಡು ಓಡೋ ಬಂಡಿ. ಅದು? ಬೀರೂಗೆ ಚಕ್ರ ಕಟ್ಟವ್ರೆ! ಬೀರೂಗೆ ಕೊಕ್ಕರೆ ಬೇರೆ ಕೇಡು."

"ನಿಮ್ಮ ಬಂಡೀಲಿ ಇಬ್ರೇ ಕೂರೋದು ಮನೋಹರಣ್ಣ," ಅಮೂಲ್ಯ ತಿರುಗಿಬಿದ್ದಳು. "ನಮ್ಮನೇಲಿ ಐದು ಜನ. ಉಳಿದೋರು ಟಾಪ್ ಮೇಲೆ ಕೂರ್ಬೇಕಾ? ಕಾರ್ಖಾನೆ ಮುಚ್ಚಿ ಹೆಸರೇ ಸತ್ತೋಗಿತ್ತು. ಎಬ್ಬಿಸಿದ್ದು ತಪ್ಪಾ?"

"ಎಬ್ಬಿಸ್ಲಿಲ್ಲ ಕಣಮ್ಮಾ. ಸತ್ತೋನ ಅಂಗಿ ಬಿಚ್ಚಿ ತೊಟ್ಕೊಂಡವ್ರೆ."

"ನೀವು ಮಾತ್ರ ಸಾಚಾನಾ? ಬೆಳಿಗ್ಗೆ ಸಾರ್ ಮೇಲೆ ರೇಗಾಡಿ ಒರೆಸೋ ಬಟ್ಟೆ ಎಸೆದು ಹೋಗಿದ್ರಲ್ಲ?"

"ಅದು ಕುಂಕುಮದ ಜಗಳ! ಆ ಕುಂಕುಮ ಕ್ರೋಮೂ ತಿಂತದೆ, ಬಣ್ಣಾನೂ ತಿಂತದೆ. ಇವ್ರು ಹಚ್ಚೋದು, ನಾನು ಒರೆಸೋದು. ವರ್ಷಾನುಗಟ್ಟಲೆ ಇದೇ ಆಗೋಯ್ತು. ಇವತ್ತು ಒರೆಸಬ್ಯಾಡ ಅಂದ್ರು, ಬಟ್ಟೆ ಬಿಸಾಕ್ದೆ."

ಪ್ರತಿಮಾಳ ಕಣ್ಣು ಕಾರಿನ ಮೇಲೇ ಇತ್ತು. "ಓವೈಸ್, ನಿನಗೇನನ್ಸುತ್ತೆ? ಹಳೇ ಬಿಲ್ಲೆ ಹೊಸ ಕಾರಿಗೆ ಸಲ್ಲುತ್ತಾ?"

ಓವೈಸ್ ಯೋಚಿಸಿದ. ನಿಜ ಹೇಳಿದ. "ಹೈವೇ ಪಕ್ಕ ಪ್ಲಾಸ್ಟಿಕ್ ಬೊಂಬೆ ಮಾರ್ತಾರೆ ಮೇಡಂ. ಎಲ್ಲಿಂದಾನೋ ಬರ್ತವೆ. ಕೇಳಿದ್ರೆ ಚನ್ನಪಟ್ಟಣದ್ದೇ ಅಂತಾರೆ. ಅದೂ ಸುಳ್ಳಲ್ಲ, ಅಂಗಡಿ ಇರೋದು ಚನ್ನಪಟ್ಟಣದಲ್ಲೇ. ನೋಡ್ದಾಗ ಹೊಟ್ಟೆ ಉರಿಯುತ್ತೆ. ಹೆಸರು ತಗೊಂಡೋರು ಕೆಲಸನೂ ತಗೋಬೇಕು."

"ನೋಡಿ, ಅವನೇ ಒಪ್ಕೊಂಡ!" ಅನಂತರಾಜು ಎದ್ದ. "ಹೊಟ್ಟೆ ಉರಿ ಅಂತೆ! ಇನ್ನೇನು ಬೇಕು ಮೇಡಂ? ಕರ್ಕೊಂಡೋಗಿ. ಸಂಜೆ ಜನ ಬತ್ತಾರೆ ನನಗೆ."

ಸುಮ್ಮನಿದ್ದರೆ ಕಳ್ಳ, ಬಾಯಿ ತೆರೆದರೆ ಇನ್ನೂ ಕಳ್ಳ. ಆಡಿದ ಒಂದೊಂದು ಮಾತೂ ಒಂದೊಂದು ಬೀಗವಾಗಿ ಬೀಳುತ್ತಿತ್ತು. ಓವೈಸ್ ಅನಂತರಾಜುವಿನ ಮುಖ ಹುಡುಕಿದ. ಚಿಕ್ಕಂದಿನಿಂದ ಬಲ್ಲ ಮುಖ. ಆ ಮುಖ ಅವನನ್ನು ಬಿಟ್ಟು ಉಳಿದೆಲ್ಲವನ್ನೂ ನೋಡುತ್ತಿತ್ತು.

ಗೋಡೆಗೊರಗಿ ಕೂತಿದ್ದ ಬೈರಮ್ಮ ಆಗ ಮಾತಾಡಿದಳು. ಅನಂತರಾಜುವಿನ ತಾಯಿ, ಸೊಂಟ ಬಾಗಿದ್ದರೂ ದನಿ ಬಾಗಿರಲಿಲ್ಲ.

"ಯಾಕವ್ವ ಜಗಳ? ತಾತನ ಹೆಸ್ರ ಮೊಮ್ಮಗನಿಗೆ ಇಡಾಕಿಲ್ವಾ? ಇಟ್ಟೇಟಿಗೆ ಮೊಮ್ಮಗ ತಾತ ಆಗ್ಬುಟ್ಟನಾ? ತಾತನ ಹೆಸ್ರು ಹೊತ್ಕೊಂಡ ಅಂತ ನಾಕು ಜನ ಒಸಿ ಜಾಸ್ತಿನೇ ನೋಡ್ತಾರೆ, ಅವನೂ ಒಸಿ ನೆಟ್ಟಗೆ ನಡೀತಾನೆ. ಹೆಸ್ರು ಇಟ್ಕೊಳ್ಳಿ. ಆದ್ರೆ ತಾತ ಉಸಿರಾಡ್ತಾ ಕೂತಿರೋವಾಗ್ಲೇ ಅವನ ಕಿವಿ ಒಂಟಿ ಕಿತ್ತು ಮಗೀಗೆ ಚುಚ್ತಾರಾ?"

"ಅವ್ವಾ, ಸುಮ್ನಿರು!" ಅನಂತರಾಜುವಿನ ದನಿ ಸೀಳಿತು.

ಮಾಡಿನ ತಗಡು ಬಿಸಿಲಿಗೆ ಟಿಣ್ ಟಿಣ್ ಎನ್ನುತ್ತಿತ್ತು.

"ಅಮ್ಮಾ," ಪ್ರತಿಮಾ ಮೆಲ್ಲಗೆ ಕೇಳಿದಳು, "ಬೆಳಿಗ್ಗೆ ಪೂಜೆ ಮಾಡಿದ್ದು ನೀವಾ?"

"ನಾನೇ ಕಣವ್ವ. ಹೂವ ಇಟ್ಟೆ. ಊದ್‌ಕಡ್ಡಿ ಹಚ್ಚಿದೆ."

"ಕುಂಕುಮ?"

ಬೈರಮ್ಮ ಬರಿಗೈ ಮೇಲೆತ್ತಿ ತೋರಿಸಿದಳು. "ಅದ ನಾನೆಲ್ಲಿ ಮುಟ್ಟೇನು? ಅವ್ರು ಹೋದ ದಿನದಿಂದ ಕೈ ಹಾಕಿಲ್ಲ. ಬ್ಯಾಡ ಅಂತ ಯಾರೂ ಅಂದಿಲ್ಲ, ನಂಗೇ ಮನಸು ಬರಾಕಿಲ್ಲ. ಕುಂಕುಮ ಇಡೋದು ನನ್ಮಗ ಇವ್ನೇ. ಕೂಸಾಗಿದ್ದಾಗ ಅವ್ರು ಎತ್ಕೊಂಡು ಇವ್ನ ಕೈಲೇ ಇಡಿಸ್ತಿದ್ರು."

ಪ್ರತಿಮಾ ಎದ್ದಳು. ಕಾರಿನ ಮೂತಿಯ ಹತ್ತಿರ ಬಗ್ಗಿದಳು.

"ಎಲ್ರೂ ಬನ್ನಿ. ಇದನ್ನ ನೋಡಿ. ಬಂದಾಗಿನಿಂದ ನಾವೆಲ್ಲ ಇದನ್ನೇ ನೋಡ್ತಿದ್ದೀವಿ, ಪೂಜೆ ಆಗಿದೆಯಲ್ಲ, ಕುಂಕುಮ ಇರೋದೇ ಅಂದ್ಕೊಂಡು ಸುಮ್ನಾಗಿದ್ದೀವಿ. ಪೂಜೆ ಆದಾಗ ಬಿಲ್ಲೆ ಇತ್ತಲ್ಲ? ಕುಂಕುಮ ಇಟ್ಟಿದ್ದು ಬಿಲ್ಲೆ ಮೇಲಲ್ವಾ?"

"ಬಿಲ್ಲೆ ಮೇಲೇ," ಎಂದಳು ಅಮೂಲ್ಯ. "ನಾನೇ ನೋಡಿದ್ದೀನಿ."

"ಹಾಗಾದ್ರೆ ಬಿಲ್ಲೆ ಕೆಳಗಿನ ಬಣ್ಣಕ್ಕೆ ಇದು ಹೇಗೆ ಬಂತು? ಕಂಚು ತೂರಿಕೊಂಡು ಇಳೀತಾ?"

ಓವೈಸ್ ಬಗ್ಗಿ ನೋಡಿದ. ಎರಡು ತೂತಿನ ನಡುವೆ, ನುಣುಪು ಹಸಿರಿನ ಮೇಲೆ, ಕೆಂಪು ಬೊಟ್ಟು ಗುಂಡಗೆ, ಅಚ್ಚುಕಟ್ಟಾಗಿ ಕೂತಿತ್ತು. ಸಿಡಿದ ಕುಂಕುಮವಲ್ಲ ಅದು, ಇಟ್ಟ ಕುಂಕುಮ.

"ಇದು ಬಿಲ್ಲೆ ತೆಗೆದ ಮೇಲೆ ಇಟ್ಟಿದ್ದು," ಎಂದಳು ಪ್ರತಿಮಾ. "ತೆಗೆದವನಿಗೆ ಅವಸರ ಇತ್ತು. ಆಚೆ ಜನ ಇದ್ರು. ಆದ್ರೂ ಒಂದು ಕ್ಷಣ ನಿಂತ. ಬೋಳಾದ ಹಣೆ ನೋಡಕ್ಕೆ ಅವನ ಕೈಲಾಗ್ಲಿಲ್ಲ. ಹಣೇನ ಹಾಗೇ ಬಿಟ್ಟು ಹೋಗಬಾರದು ಅಂತ ಪೂಜೆ ತಟ್ಟೆಯಿಂದ ಕುಂಕುಮ ತಗೊಂಡು ಇಟ್ಟ. ಯೋಚಿಸಿ ಮಾಡಿದ್ದಲ್ಲ; ಬೆರಳಿಗೆ ರೂಢಿ. ಹೇಳಿ, ಯಾವ ಕಳ್ಳ ಹೀಗೆ ಮಾಡ್ತಾನೆ?"

ಅವಳು ಒಬ್ಬೊಬ್ಬರ ಕಡೆ ನೋಡಿದಳು.

"ಅಮೂಲ್ಯ ಅಂಗಳ ಬಿಟ್ಟು ಕದಲಿಲ್ಲ, ವಿಡಿಯೋದಲ್ಲಿ ಅವರ ದನಿ ಒಂದು ಗಳಿಗೆ ನಿಂತಿಲ್ಲ. ಅಮ್ಮ ಕುಂಕುಮ ಮುಟ್ಟೋರಲ್ಲ. ಮನೋಹರ್? ಆ ಬಣ್ಣದ ಮೇಲೆ ಕುಂಕುಮ ಬೀಳೋದಕ್ಕಿಂತ ತನ್ನ ಕಣ್ಣಿಗೆ ಬೀಳಲಿ ಅನ್ನೋ ಆಸಾಮಿ."

"ಖಂಡಿತ," ಎಂದ ಮನೋಹರ್.

"ಓವೈಸ್ ಕದ್ದಿದ್ರೆ ಕದ್ಕೊಂಡು ಹೋಗ್ತಿದ್ದ. ಕಾರಿಗೆ ಬೊಟ್ಟಿಡೋ ಅಭ್ಯಾಸ ಅವನ ಬೆರಳಿಗೆ ಎಲ್ಲಿಂದ ಬರ್ಬೇಕು? ಇನ್ನು ಉಳಿದೋರು ಒಬ್ರು. ಸೀಟಿನಡಿಯೆಲ್ಲ ಹುಡುಕಕ್ಕೆ ಬಿಟ್ಟು, ಬಾನೆಟ್ ಅಂದ ಕೂಡ್ಲೇ ಬೆರಳಚ್ಚಿನ ನೆನಪಾದೋರು. ಮನೋಹರ್, ಈ ಬಿಲ್ಲೆ ಬಿಚ್ಚೋದು ಹೇಗೆ?"

"ಒಳಗಿಂದ ಮೇಡಂ. ಬಾನೆಟ್ ಎತ್ತಿ, ಹಿಂದಿನ ಎರಡು ನಟ್ಟು ತೆಗೀಬೇಕು."

"ಎತ್ತಿ."

"ಬ್ಯಾಡ!" ಎಂದ ಅನಂತರಾಜು.

ಮನೋಹರ್ ಆಗಲೇ ಎತ್ತಿದ್ದ. ಬ್ಯಾಟರಿಯ ಮಗ್ಗುಲಲ್ಲಿ, ಮಡಿಸಿದ ಬಿಳಿ ಕರವಸ್ತ್ರದೊಳಗೆ, ನೀಲಿ ಬಿಲ್ಲೆ ಮಲಗಿತ್ತು. ಬಿಚ್ಚಿದವನು ಹೊಸ್ತಿಲು ದಾಟಿಸುವ ಧೈರ್ಯ ಸಾಲದೆ, ಕಾರಿನದನ್ನು ಕಾರಿನ ಒಡಲಿಗೇ ಹಾಕಿದ್ದ.

ಅನಂತರಾಜು ಕಾರಿನ ಪಕ್ಕ ನೆಲಕ್ಕೆ ಕೂತ. ಬೆವರಿಗೆ ಹೊಸ ಕೋಟು ಬೆನ್ನಿಗಂಟಿತ್ತು.

"ಕೊಡ್ತೀನಿ ಅಂತ ಒಪ್ಕೊಂಡಿದ್ದೆ. ಕೊಟ್ರೇನು, ಒಂದು ಬಿಲ್ಲೆ ತಾನೇ ಅಂತ. ಆ ಹೊಸ ಕಾರು ಲಾರಿಯಿಂದ ಇಳೀತಲ್ಲ... ಚೆನ್ನಾಗೇ ಐತೆ ಕಾರು, ನಾನಿಲ್ಲ ಅನ್ನಾಕಿಲ್ಲ. ಆದ್ರೆ ಅದರ ಮೂತೀಲಿ ಆಗ್ಲೇ ಗುಂಡಗೆ ಜಾಗ ಕೊರೆದು ಮಡಗವ್ರೆ. ನಮ್ಮಪ್ಪನ ಕೊಕ್ಕರೆ ಅಳತೆಗೆ. ಅದ ನೋಡಿ ತಡ್ಕಳಕ್ಕಾಗ್ಲಿಲ್ಲ. ಕಳುವಾಯ್ತು ಅಂದ್ರೆ ಯಾರೂ ಕೇಳಾಕಿಲ್ಲ ಅಂದ್ಕೊಂಡೆ. ಅವ್ರು ಕೇಳಿದ್ರು. ಯಾರು, ಯಾರು ಅಂತ ಬೆನ್ನತ್ತಿದ್ರು. ಬಾಯಿಗೆ ಬಂದ ಹೆಸ್ರು ಹೇಳ್ಬುಟ್ಟೆ. ಹೇಳಿದ್ಮೇಲೆ ಹಿಂದಕ್ಕೆ ತಗಳ್ಳಾಕೆ ದಾರಿನೇ ಸಿಗ್ಲಿಲ್ಲ."

"ದಾರಿ ಇತ್ತು," ಎಂದಳು ಬೈರಮ್ಮ. "ನೀನು ಷಟರ್ ಎಳ್ಕೊಂಡೆ."

ಪ್ರತಿಮಾ ಓವೈಸನ ಕಡೆ ತಿರುಗಿದಳು. "ಅವರ ವಸ್ತು ಅವರೇ ತೆಗೆದಿಟ್ರೆ ಕಳವಲ್ಲ. ಆದ್ರೆ ನಿನ್ನ ಮೇಲೆ ಸುಳ್ಳು ಹೇಳಿದ್ದು ತಪ್ಪೇ. ಕೇಸ್ ಬೇಕು ಅಂದ್ರೆ ಹಾಕ್ತೀನಿ. ನೀನು ಹೇಳಿದಂಗೆ."

ಅನಂತರಾಜು ಕೈಮುಗಿದ. "ಓವೈಸ್, ತಪ್ಪಾಯ್ತು ಕಣಪ್ಪ. ಇಲ್ಲಿಗೇ ಬುಟ್ಬುಡು. ನಿನ್ನ ಕೆಲಸ ನಿನಗೇ ಇರ್ತದೆ. ಮುಂದೆ ಬರೋ ಪ್ರತಿ ಕಾರಿಗೂ ನಿನ್ನ ಕೊಕ್ಕರೆನೇ ಕೊಡಿಸ್ತೀನಿ."

ಓವೈಸನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬಂದದ್ದು ಉಸಿರು. ಎಷ್ಟೋ ಹೊತ್ತಿನಿಂದ ಅರ್ಧಕ್ಕೇ ನಿಂತಿದ್ದ ಉಸಿರು ಪೂರ್ತಿ ಒಳಗೆ ಹೋಗಿ ಆಚೆ ಬಂತು.

"ಕೇಸು ಬ್ಯಾಡ ಮೇಡಂ. ಮರದ ಕೊಕ್ಕರೆ ಮಾತು ಆಮೇಲೆ ನೋಡೋಣ. ಅನಂತಣ್ಣ, ನೀವು ನನ್ನ ಹತ್ರ ಹೇಳಿದ್ದನ್ನ ಆಚೆ ಹೇಳಿ. ಕಳ್ಳ ಅಂದಿದ್ದು ಊರಿಗೇ ಕೇಳಿಸೈತೆ. ಅಲ್ಲ ಅನ್ನೋದೂ ಊರಿಗೇ ಕೇಳಿಸ್ಲಿ."

"ಆಚೆಗಾ? ಜನ ತುಂಬವ್ರಲ್ಲೋ..."

"ಅದಕ್ಕೇ."

"ಕಂಪನಿಯೋರಿಗೆ ಗೊತ್ತಾದ್ರೆ ಷೋರೂಮ್ ಹೋಯ್ತದೆ ಕಣಪ್ಪ."

ಬೈರಮ್ಮ ಗೋಡೆ ಹಿಡಿದು ಎದ್ದಳು. ಕರವಸ್ತ್ರದಿಂದ ಬಿಲ್ಲೆ ತೆಗೆದು ಮನೋಹರನ ಕೈಗಿಟ್ಟಳು. "ಮೊದ್ಲು ಇದ ಅದರ ಜಾಗಕ್ಕೆ ಕೂರ್ಸಪ್ಪ." ಮಗನ ಕಡೆ ನೋಡದೆ ಹೇಳಿದಳು: "ನೀನು ನಡಿ."

ನಜೀರ್ ಷಟರು ಎತ್ತಿದ. ಬಿಸಿಲು ಒಮ್ಮೆಗೇ ನುಗ್ಗಿತು. ಮೆಟ್ಟಿಲ ಕೆಳಗೆ ಜನ. ಮುಂದೆ ತಾಜ್ ಪಾಷಾ, ಅವನ ಹಿಂದೆ ಬೊಂಬೆ ಮಾಡುವವರ ಬೀದಿಯೇ ಬಂದು ನಿಂತಿತ್ತು. ಸಂಜೆಯ ಭಾಷಣಕ್ಕೆಂದು ನಿಲ್ಲಿಸಿದ್ದ ಬ್ಯಾಟರಿ ಮೈಕಿನ ಮುಂದೆ ಅನಂತರಾಜು ನಿಂತ. ಓವೈಸ್ ಎರಡು ಮೆಟ್ಟಿಲು ಇಳಿದ.

"ಬಿಲ್ಲೆ ಕಳುವಾಗಿಲ್ಲ," ಎಂದ ಅನಂತರಾಜು. "ನಾನೇ... ಬಚ್ಚಿಟ್ಟಿದ್ದೆ. ಓವೈಸ್ ಕದ್ದ ಅಂದಿದ್ದು ಸುಳ್ಳು."

ಹಿಂದಿನ ಸಾಲಿನಿಂದ ಯಾರೋ ಕೂಗಿದರು. "ಕೇಳಿಸ್ಲಿಲ್ಲ ಕಣಣ್ಣೋ! ಇನ್ನೊಂದ್ ಕಿತ ಏಳು!"

ತಾಜ್ ಪಾಷಾ ಕೈ ಚಾಚಿ ಕರೆದ. ಓವೈಸ್ ಇಳಿಯಲಿಲ್ಲ. ಮೆಟ್ಟಿಲ ಮೇಲೆ ನಿಂತು, ಅನಂತರಾಜು ಮೈಕಿನ ಕತ್ತು ಮೇಲಕ್ಕೆತ್ತಿ, ಓವೈಸನ ಹೆಸರು ಹಿಡಿದು, ಮತ್ತೊಮ್ಮೆ, ಕೊನೆಯ ಸಾಲಿಗೂ ಮುಟ್ಟುವ ಹಾಗೆ ಹೇಳಿ ಮುಗಿಸುವವರೆಗೂ ಕೇಳಿದ. ಆಮೇಲೆ ಕೆಳಗಿಳಿದ.